ಒಡೆದ ಪೈಪ್ ಬಿಸಾಡಬೇಡಿ

ಜೆಸಿಬಿಯಂಥ ಗಾಡಿಯ ಹೈಡ್ರಾಲಿಕ್ ಪೈಪ್, ಅಂದರೆ ಜೋರು ಪ್ರೆಶರಿನಲ್ಲಿ ಎಣ್ಣೆ ಒಯ್ಯುವ ರಬ್ಬರ್ ಪೈಪ್, ಒಡೆದು ಗಾಡಿ ನಿಂತಿದೆ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಹೇಳುವುದು ಒಂದೇ ಮಾತು. ಹಳೇ ಪೈಪ್ ಬಿಸಾಡಬೇಡಿ. ನಾನು ಬರುವ ತನಕ ಗಾಡಿಯ ಹತ್ತಿರವೇ ಇರಲಿ. ಹೂಂ ಅನ್ನುತ್ತಾರೆ, ಆದರೆ ಬಹಳ ಜನ ಇಟ್ಟುಕೊಳ್ಳುವುದಿಲ್ಲ. ನಾನು ಹೋಗುವಷ್ಟರಲ್ಲಿ ಅದು ಬದುವಿನ ಆಚೆ ಜಾಲಿ ಕಂಟಿಯಲ್ಲಿ ಬಿದ್ದಿರುತ್ತದೆ, ಇಲ್ಲವೇ ಪಕ್ಕದ ಹೊಲದವರು ಯಾವುದಕ್ಕಾದರೂ ಬರುತ್ತದೆ ಅಂತ ಒಯ್ದಿರುತ್ತಾರೆ. ಆಪರೇಟರ್ ಎರಡೂ ಕೈ ಅಗಲಿಸಿ "ಇಷ್ಟುದ್ದ ಇತ್ತು ನೋಡ್ರಿ ಅಣ್ಣಾ" ಅಂತ ತೋರಿಸುತ್ತಾನೆ. ಆ ಅಳತೆ ನಂಬಿ ನಾನು 250 ಬಾರ್ ಪ್ರೆಶರ್ ತಡೆಯುವ ಪೈಪ್ ಮಾಡಬೇಕು.

ನನ್ನದು ಕಲಬುರಗಿಯಲ್ಲಿ ಹೈಡ್ರಾಲಿಕ್ ಪೈಪಿನ ಕೆಲಸ. ಅಂಗಡಿ ಕಪನೂರು ಕಡೆ ಇದೆ, ಆದರೆ ಅಲ್ಲಿ ಕೂತು ಮಾಡುವುದಕ್ಕಿಂತ ಹೊರಗಿನ ಕೆಲಸವೇ ಜಾಸ್ತಿ. ಸಣ್ಣ ಗೂಡ್ಸ್ ಗಾಡಿಯ ಹಿಂದೆ ಪೈಪಿನ ತುದಿಗೆ ಕ್ಯಾಪ್ ಒತ್ತಿ ಕೂರಿಸುವ ಕ್ರಿಂಪಿಂಗ್ ಮಷೀನ್, ಕಟಿಂಗ್ ಮಷೀನ್, ಜನರೇಟರ್, ಚಿಕ್ಕ ಕಂಪ್ರೆಸರ್, ಪೈಪಿನ ಸುರುಳಿಗಳು, ನಿಪ್ಪಲ್ (ಪೈಪಿನ ತುದಿಯೊಳಗೆ ಕೂರುವ ಜೋಡಣೆ) ಮತ್ತು ಕ್ಯಾಪ್ (ಅದರ ಮೇಲೆ ಹೊರಗಿಂದ ಒತ್ತುವ ಉಕ್ಕಿನ ಬಳೆ) ತುಂಬಿದ ಡಬ್ಬಿಗಳು. ಶಹಾಬಾದ್, ಚಿತ್ತಾಪುರ ಕಡೆ ಫರಸಿ ಕಲ್ಲಿನ ಖಣಿಗಳಿಗೆ ಹೋಗುತ್ತೇನೆ. ಚಳಿಗಾಲದಲ್ಲಿ ಅಫಜಲಪುರ, ಆಳಂದ ಕಡೆ ಕಬ್ಬು ಕಡಿಯುವ ಹಾರ್ವೆಸ್ಟರ್‌ಗಳು ಕರೆಯುತ್ತವೆ. ಬೇಸಿಗೆಯಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ಕಾಲುವೆ ದಂಡೆಯಲ್ಲೋ ಬೀಳು ಬಿದ್ದ ಹೊಲದಲ್ಲೋ ಬಳ್ಳಾರಿ ಜಾಲಿ ಕೀಳುವ ಜೆಸಿಬಿಗಳದ್ದೇ ಕಾಟ.

ಯೂಟ್ಯೂಬಿನಲ್ಲಿ ಫಿನ್ಲೆಂಡ್, ಕೆನಡಾದ ಕಾಡುಗಳಲ್ಲಿ ಮರ ಕಡಿಯುವ ಯಂತ್ರಗಳ ವಿಡಿಯೋ ನೋಡುತ್ತಿರುತ್ತೇನೆ. ಅಲ್ಲೂ ಇದೇ ಕಥೆ. ಊರಿಂದ ದೂರದ ಕಾಡು, ಮರ ಹಿಡಿದು ಕಡಿಯುವ ತಲೆ ಇರುತ್ತದಲ್ಲ, ಅದರ ಹತ್ತಿರದ ಪೈಪೇ ಜಾಸ್ತಿ ಹೋಗುವುದು, ಯಾಕೆಂದರೆ ಕೊಂಬೆ ಬಡಿಯುವುದು ಅಲ್ಲೇ, ತಿರುಗುವುದು ಮಡಚುವುದೂ ಅಲ್ಲೇ. ಅವರಿಗೆ ಚಳಿಯ ಕಾಟ. ರಬ್ಬರ್ ಗಟ್ಟಿಯಾಗುತ್ತದೆ, ಸಾಮಾನ್ಯ ಪೈಪಿಗೆ ಕಂಪನಿಯವರು ಹಾಕುವ ಕೆಳಗಿನ ಮಿತಿ ಮೈನಸ್ 40 ಡಿಗ್ರಿ. ನಮಗೆ ಮೇಲಿನ ಮಿತಿಯ ಚಿಂತೆ. ಅದು 100 ಡಿಗ್ರಿ.

ಈಗ ಹಳೇ ಪೈಪ್ ಯಾಕೆ ಬೇಕು ಅಂತ ಹೇಳುತ್ತೇನೆ. ಗಾಡಿಯವರಿಗೆ ಅದು ಕಸ, ನನಗೆ ಅರ್ಧ ಕೆಲಸ ಅದರಲ್ಲೇ ಮುಗಿಯುತ್ತದೆ.

ಮೊದಲು ಅದರ ಮೈಮೇಲಿನ ಬರಹ ಓದುತ್ತೇನೆ. ಬಟ್ಟೆಗೆ ಸ್ವಲ್ಪ ಡೀಸೆಲ್ ಹಚ್ಚಿ ಒರೆಸಿದರೆ ಅಕ್ಷರ ಕಾಣುತ್ತವೆ. 2ಎಸ್ಎನ್ ಅಂತ ಇದ್ದರೆ ಒಳಗೆ ಉಕ್ಕಿನ ತಂತಿಯ ಹೆಣಿಗೆ ಎರಡು ಪದರ, 1ಎಸ್ಎನ್ ಅಂದರೆ ಒಂದು ಪದರ. 4ಎಸ್‌ಪಿ, 4ಎಸ್ಎಚ್ ಅಂದರೆ ನಾಲ್ಕು ಪದರ, ಅಲ್ಲಿ ತಂತಿ ಹೆಣೆದಿರುವುದಿಲ್ಲ, ಸುತ್ತಿರುತ್ತದೆ. 3ಕ್ಯೂ22 ಅಂತ ಇದ್ದರೆ 2022ರ ಜುಲೈಯಿಂದ ಸೆಪ್ಟೆಂಬರ್ ಒಳಗೆ ತಯಾರಾದ ಪೈಪ್. ಪಕ್ಕದಲ್ಲೇ ಎಷ್ಟು ಬಾರ್ ಅಂತಲೂ ಇರುತ್ತದೆ.

ಇಲ್ಲೇ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. "ಈ ಸಲ ದಪ್ಪಂದು ಹಾಕ್ರಿ, ಮತ್ತ ಒಡೀಬಾರದು" ಅನ್ನುತ್ತಾರೆ ಸಾವುಕಾರರು. ದಪ್ಪ ಇದ್ದರೆ ಗಟ್ಟಿ ಅಂತ ಅವರ ಲೆಕ್ಕ. ಆದರೆ ಅದೇ 2ಎಸ್ಎನ್ ಪೈಪ್ ಕಾಲು ಇಂಚಿನದಾದರೆ 400 ಬಾರ್ ತಡೆಯುತ್ತದೆ, ಅರ್ಧ ಇಂಚಿನದು 275, ಮುಕ್ಕಾಲು ಇಂಚಿನದು 215, ಒಂದು ಇಂಚಿನದು 165 ಅಷ್ಟೇ. ಒಳಗಿನ ತೂತು ದೊಡ್ಡದಾದಷ್ಟೂ ಎಣ್ಣೆ ಒತ್ತುವ ಜಾಗ ಜಾಸ್ತಿ, ತಂತಿಯ ಮೇಲೆ ಬೀಳುವ ಭಾರವೂ ಜಾಸ್ತಿ. ಗಟ್ಟಿ ಬೇಕಾದರೆ ಪದರ ಜಾಸ್ತಿ ಇರುವುದನ್ನು ಹಾಕಬೇಕು. ಒಂದು ಇಂಚಿನದೇ 4ಎಸ್ಎಚ್ ತಗೊಂಡರೆ 380 ಬಾರ್ ತನಕ ಬರುತ್ತದೆ. ಆದರೆ ಅದು ಜಾಸ್ತಿ ಬಾಗುವುದಿಲ್ಲ, ಇಕ್ಕಟ್ಟಾದ ಜಾಗದಲ್ಲಿ ಒತ್ತಾಯ ಮಾಡಿ ಬಾಗಿಸಿದರೆ ಕ್ಯಾಪಿನ ಬುಡದಲ್ಲಿ ಮುರಿಯುತ್ತದೆ. ಹಾಗಾಗಿ ಎಲ್ಲಾ ಕಡೆ ನಾಲ್ಕು ಪದರ ತುರುಕುವುದೂ ಜಾಣತನ ಅಲ್ಲ.

ಬ್ಯಾಕ್‌ಹೋ ಗಾಡಿಗಳಲ್ಲಿ, ಅಂದರೆ ಜೆಸಿಬಿ ತರದವುಗಳಲ್ಲಿ, ಪ್ರೆಶರ್ ಸುಮಾರು 200ರಿಂದ 250 ಬಾರ್ ಇರುತ್ತದೆ. ಚೈನಿನ ಮೇಲೆ ಓಡುವ ದೊಡ್ಡ ಗಾಡಿಯಲ್ಲಿ, ನಮ್ಮ ಕಡೆ ಯಾವ ಕಂಪನಿಯದಾದರೂ ಹಿಟಾಚಿ ಅಂತಲೇ ಕರೆಯುವುದು, 300 ದಾಟುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್ ಅಂತ ನೆನಪಿಟ್ಟುಕೊಂಡರೆ ಸಾಕು. ಪೈಪ್ ಒಡೆಯುವ ಪ್ರೆಶರ್, ಬರೆದ ಪ್ರೆಶರಿನ ನಾಲ್ಕು ಪಟ್ಟು ಇರಬೇಕು ಅನ್ನುವುದು ನಿಯಮ. ಅಂದರೆ ಅರ್ಧ ಇಂಚಿನ 2ಎಸ್ಎನ್ ಹೊಸದಿದ್ದಾಗ 1100 ಬಾರ್ ತನಕ ಒಡೆಯಬಾರದು. ಹಾಗಿದ್ದರೂ 220 ಬಾರಿಗೆ ಒಡೆದಿದೆ ಅಂದರೆ ಏನೋ ಆಗಿದೆ ಅಂತಲೇ ಅರ್ಥ. ಆ ಏನೋ ಏನು ಅಂತ ಹೇಳುವುದು ಆ ಒಡೆದ ಪೈಪೇ.

ಬರಹ ಓದಿದ ಮೇಲೆ ಒಡೆದ ಜಾಗ ನೋಡುತ್ತೇನೆ. ನಮ್ಮ ಕಡೆ ಬಹಳ ಸಲ ಕಾಣುವುದು ಉಜ್ಜಿದ ಗಾಯ. ಪೈಪಿನ ಒಂದೇ ಮಗ್ಗುಲಲ್ಲಿ ಮೊಟ್ಟೆ ಆಕಾರಕ್ಕೆ ಮೇಲಿನ ರಬ್ಬರ್ ಹೋಗಿರುತ್ತದೆ, ಅಂಚು ನುಣ್ಣಗೆ ಪಾಲಿಶ್ ಮಾಡಿದ ಹಾಗೆ. ಒಳಗೆ ತಂತಿಯ ಹೆಣಿಗೆ ಕಾಣುತ್ತದೆ. ಅದರ ನಡುವಿನ ತಂತಿಗಳು ಹೊಳೆಯುತ್ತಿರುತ್ತವೆ, ಸುತ್ತಲಿನವು ಕೆಂಪಗೆ ತುಕ್ಕು ಹಿಡಿದಿರುತ್ತವೆ. ತುಕ್ಕು ಇದ್ದರೆ ಈ ಗಾಯ ಇವತ್ತಿನದಲ್ಲ, ಹೋದ ಮಳೆಗಾಲಕ್ಕೂ ಮೊದಲಿನದು. ತುಕ್ಕಿಲ್ಲದೆ ಬರೀ ಹೊಳಪಿದ್ದರೆ ಈಚಿನದು, ಅಂದರೆ ಈಚೆಗೆ ಯಾವುದೋ ಕ್ಲಾಂಪ್ ಬಿದ್ದುಹೋಗಿ ಪೈಪ್ ಜೋತುಬಿದ್ದಿದೆ. ಗಾಡಿಯ ಮೇಲೆ ಹುಡುಕಿದರೆ ಅದೇ ಎತ್ತರದಲ್ಲಿ ಎಲ್ಲೋ ಒಂದು ಕಬ್ಬಿಣದ ಅಂಚು ಬಣ್ಣ ಹೋಗಿ ಮಿರಮಿರ ಮಿಂಚುತ್ತಿರುತ್ತದೆ. ಆ ಕ್ಲಾಂಪ್ ಹಾಕದೆ ಹೊಸ ಪೈಪ್ ಹಾಕಿ ಹೋದರೆ ಮುಂದಿನ ತಿಂಗಳು ಮತ್ತೆ ನನಗೇ ಫೋನ್ ಬರುತ್ತದೆ. ನನಗೆ ವ್ಯಾಪಾರ, ಬಿಡಿ. ಆದರೆ ಅವರು ಪೈಪ್ ಖರಾಬ್ ಇತ್ತು ಅಂತ ಊರೆಲ್ಲಾ ಹೇಳುತ್ತಾರೆ.

ಬಿಸಿಗೆ ಹೋದ ಪೈಪ್ ಬೇರೆ ತರ ಇರುತ್ತದೆ. ಮೇಲಿಂದ ಎಲ್ಲಾ ಸರಿ ಇರುತ್ತದೆ, ಕೈಯಲ್ಲಿ ಹಿಡಿದು ಬಗ್ಗಿಸಿದರೆ ಖಡಕ್ ರೊಟ್ಟಿಯ ಹಾಗೆ ಚಟಚಟ ಸೀಳುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 44 ಡಿಗ್ರಿಗೆ ಹೋಗುವುದು ನಮಗೇನು ಹೊಸದಲ್ಲ. ಮಧ್ಯಾಹ್ನ ಹೈಡ್ರಾಲಿಕ್ ಟ್ಯಾಂಕಿನ ಮೇಲೆ ಅಂಗೈ ಇಡಲು ಆಗುವುದಿಲ್ಲ. ರಬ್ಬರಿನ ವಿಷಯದಲ್ಲಿ ಒಂದು ಹಳೇ ಅಂದಾಜಿದೆ, ಮಿತಿ ದಾಟಿ ಪ್ರತಿ 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಆದರೆ ಬಿಸಿಲೊಂದನ್ನೇ ಬೈದು ಪ್ರಯೋಜನವಿಲ್ಲ. ಆಯಿಲ್ ಕೂಲರಿನ ಜಾಲರಿ ತೆಗೆದು ನೋಡಿ, ತೊಗರಿ ಹೊಟ್ಟು, ಕಬ್ಬಿನ ರವದಿ (ಒಣ ಗರಿ), ಸುಣ್ಣದ ಕಲ್ಲಿನ ಧೂಳು ಸೇರಿ ಒಂದು ದಪ್ಪ ಚಾದರ ಹೊದಿಸಿರುತ್ತದೆ. ಕಂಪ್ರೆಸರ್ ಗಾಳಿ ಒಳಗಿಂದ ಹೊರಗೆ ಹೊಡೆದರೆ ಹೋಗುತ್ತದೆ. ಬಿಟ್ಟಿ ಕೆಲಸ. ಯಾರೂ ಮಾಡುವುದಿಲ್ಲ.

ಇನ್ನೊಂದು, ತಿರುಚಿದ ಪೈಪ್. ಪೈಪಿನ ಮೇಲಿನ ಬರಹ ನೇರ ಸಾಲಿನಲ್ಲಿ ಇರುವುದು ಸುಮ್ನೆ ಅಲ್ಲ. ಹಾಕಿದ ಮೇಲೆ ಆ ಸಾಲು ಪೈಪಿನ ಸುತ್ತ ಸುತ್ತಿಕೊಂಡಿದೆ ಅಂದರೆ ನಟ್ ಬಿಗಿಯುವಾಗ ಒಂದೇ ಪಾನಾ ಹಾಕಿದ್ದಾರೆ, ನಟ್ ಜೊತೆ ಪೈಪೂ ತಿರುಗಿದೆ. ಪ್ರೆಶರ್ ಬಂದಾಗ ಪೈಪ್ ತಾನಾಗಿ ನೇರ ಆಗಲು ನೋಡುತ್ತದೆ, ಒಂದೋ ನಟ್ ಸಡಿಲಾಗುತ್ತದೆ ಇಲ್ಲವೇ ತಂತಿ ಕಡಿಯುತ್ತದೆ. ಎರಡು ಪಾನಾ ಹಿಡಿಯಿರಿ, ಒಂದು ನಿಪ್ಪಲಿಗೆ, ಒಂದು ನಟ್ಟಿಗೆ.

ಜಾಲಿಯ ಕೆಲಸ ಇದಕ್ಕೆಲ್ಲ ಮೇಲೆ. ಬಳ್ಳಾರಿ ಜಾಲಿ ನಮ್ಮ ಎರೆ ಭೂಮಿಯಲ್ಲಿ ಬೇರು ಬಿಟ್ಟರೆ ಸುಲಭಕ್ಕೆ ಬರುವುದಿಲ್ಲ. ಆಪರೇಟರ್ ಬಕೆಟ್ ಬುಡಕ್ಕೆ ಚುಚ್ಚಿ ಎತ್ತುತ್ತಾನೆ, ಬೊಡ್ಡೆ ಹಠ ಮಾಡುತ್ತದೆ, ಆಮೇಲೆ ಒಮ್ಮೆಲೇ ಕಿತ್ತು ಬಂದು ಕೊಂಬೆಗಳು ಗಾಡಿಯ ಉದ್ದ ತೋಳಿನ, ಅಂದರೆ ಬೂಮಿನ, ಮೇಲೆ ಬೀಳುತ್ತವೆ. ಆ ಕೊಂಬೆ ಬಕೆಟ್ ಆಡಿಸುವ ಜಾಕಿನ (ಎಣ್ಣೆಯ ಒತ್ತಡದಿಂದ ಚಾಚುವ ಸಿಲಿಂಡರ್) ಪೈಪಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡಾಗಲೇ ಬಕೆಟ್ ಮಡಚಿದರೆ ಮುಗಿಯಿತು, ಪೈಪ್ ಒಡೆಯುವುದಿಲ್ಲ, ಕ್ಯಾಪಿನಿಂದ ಪೂರ್ತಿ ಕಿತ್ತು ಬರುತ್ತದೆ. ಮುಳ್ಳಿನಿಂದ ಪೈಪಿಗೆ ತೂತಾಗುತ್ತದಾ ಅಂತ ಕೇಳುತ್ತಾರೆ. ಮುಳ್ಳು ಮೇಲಿನ ರಬ್ಬರಿಗೆ ಚುಚ್ಚುತ್ತದೆ, ತಂತಿ ದಾಟುವುದಿಲ್ಲ. ಆದರೆ ಆ ತೂತಿನಲ್ಲಿ ನೀರು ಇಳಿದು ತಂತಿಗೆ ತುಕ್ಕು ಹಿಡಿಸುತ್ತದೆ, ಆರು ತಿಂಗಳ ಮೇಲೆ ಅಲ್ಲೇ ಉಬ್ಬುತ್ತದೆ. ಜಾಲಿ ಕೆಲಸಕ್ಕೆ ಹೋಗುವ ಗಾಡಿಯ ಪೈಪುಗಳಿಗೆ ನೈಲಾನ್ ಬಟ್ಟೆಯ ತೋಳು ಹಾಕಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮುಳ್ಳೂ ತಡೆಯುತ್ತದೆ, ಉಜ್ಜುವುದೂ ಕಮ್ಮಿ.

ಪೈಪ್ ಮಾಡುವ ಕೆಲಸ ನೋಡಲು ಬಹಳ ಜನ ಸುತ್ತ ನಿಲ್ಲುತ್ತಾರೆ, ಆದರೆ ಅದೇ ಎಲ್ಲಕ್ಕಿಂತ ಸಲೀಸು. ಉದ್ದ ಅಳೆಯುವಾಗ ಸ್ವಲ್ಪ ಸಡಿಲ ಬಿಡಬೇಕು. ಪ್ರೆಶರ್ ಬಂದಾಗ ಪೈಪಿನ ಉದ್ದ ಬದಲಾಗುತ್ತದೆ, ನೂರಕ್ಕೆ ನಾಲ್ಕರಷ್ಟು ಕುಗ್ಗಬಹುದು, ಎರಡರಷ್ಟು ಹಿಗ್ಗಬಹುದು. ಒಂದು ಮೀಟರ್ ಪೈಪ್ ನಾಲ್ಕು ಸೆಂಟಿಮೀಟರ್ ಕುಗ್ಗಿದರೆ, ಬಿಗಿಯಾಗಿ ಹಾಕಿದ್ದು ನಿಪ್ಪಲನ್ನೇ ಎಳೆದು ಹಾಕುತ್ತದೆ. ಎರಡೂ ತುದಿಯಲ್ಲಿ ಬಾಗಿದ ಎಲ್ಬೋ ಇದ್ದರೆ ಒಂದಕ್ಕೊಂದು ಎಷ್ಟು ಕೋನದಲ್ಲಿ ತಿರುಗಿವೆ ಅನ್ನುವುದೂ ಬೇಕು. ಹಳೇ ಪೈಪ್ ಕೈಯಲ್ಲಿದ್ದರೆ ನೆಲದ ಮೇಲೆ ಮಲಗಿಸಿ ನೋಡಿದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಗಾಡಿಯ ಕೆಳಗೆ ಮಲಗಿ, ಕಣ್ಣಿಗೆ ಎಣ್ಣೆ ಸುರಿಸಿಕೊಂಡು, ಅಂದಾಜು ಮಾಡಬೇಕು.

ನಿಪ್ಪಲ್ ಆರಿಸುವುದರಲ್ಲಿ ಮೋಸ ಹೋಗುವವರು ಬಹಳ. ಅದರ ಚೂಡಿ, ಅಂದರೆ ತಿರುಪಿನ ಎಳೆ, ಬೇರೆ ಬೇರೆ ಪದ್ಧತಿಯಲ್ಲಿ ಬರುತ್ತದೆ, ಬಿಎಸ್‌ಪಿ, ಜೆಐಸಿ, ಮೆಟ್ರಿಕ್ ಅಂತ. ಅರ್ಧ ಇಂಚಿನ ಬಿಎಸ್‌ಪಿ ಚೂಡಿಯ ಹೊರ ಅಳತೆ 20.95 ಮಿಲಿಮೀಟರ್, ಇಂಚಿಗೆ 14 ಎಳೆ. ಅರ್ಧ ಇಂಚಿನ ಪೈಪಿಗೇ ಬರುವ ಜೆಐಸಿ ಚೂಡಿ 19.05 ಮಿಲಿಮೀಟರ್, ಇಂಚಿಗೆ 16 ಎಳೆ. ಮೆಟ್ರಿಕ್ ಎಂ20 ಅಂದರೆ 20 ಮಿಲಿಮೀಟರ್, ಎಳೆಯಿಂದ ಎಳೆಗೆ ಒಂದೂವರೆ ಮಿಲಿಮೀಟರ್. ಕಣ್ಣಿಗೆ ಮೂರೂ ಒಂದೇ ತರ. ಬೇರೆಯದನ್ನು ಹಚ್ಚಿದರೆ ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಹಿಡಿಯುತ್ತದೆ, ಅಷ್ಟರಲ್ಲಿ ಯಾರೋ ಒಬ್ಬ ಪಾನಾಕ್ಕೆ ಉದ್ದ ಪೈಪ್ ತುರುಕಿ ಜಗ್ಗಿಬಿಡುತ್ತಾನೆ. ಈಗ ಜಾಕಿನ ಚೂಡಿಯೂ ಹೋಯಿತು. ಚೂಡಿ ಅಷ್ಟೇ ಅಲ್ಲ, ಕೂರುವ ಮುಖದ ಕೋನವೂ ಬೇರೆ ಬೇರೆ. ಬಿಎಸ್‌ಪಿಯದು 60 ಡಿಗ್ರಿ, ಜೆಐಸಿಯದು 37, ಮೆಟ್ರಿಕ್‌ದು 24. ಚೂಡಿ ಹೇಗೋ ಕೂತರೂ ಮುಖ ಕೂರದಿದ್ದರೆ ಸೋರುತ್ತದೆ, ಎಷ್ಟು ಟೇಪ್ ಸುತ್ತಿದರೂ ಸೋರುತ್ತದೆ. ಟೇಪಿನ ಚೂರು ಒಳಗೆ ಹೋಗಿ ವಾಲ್ವಿನಲ್ಲಿ ಕೂತರೆ ಅದು ಬೇರೆ ಖರ್ಚು.

ಆಮೇಲೆ ಕತ್ತರಿಸುವುದು. ಚಕ್ರ ತಂತಿಯನ್ನು ಕೊಯ್ಯುವಾಗ ರಬ್ಬರಿನ ಕರಿ ಪುಡಿ, ಉಕ್ಕಿನ ಸಣ್ಣ ಚೂರು ಎಲ್ಲಾ ಪೈಪಿನ ಒಳಗೇ ಹೋಗುತ್ತದೆ. ಅದನ್ನು ಬರೀ ಬಾಯಿಂದ ಊದಿ ಜೋಡಿಸುವವರನ್ನು ನೋಡಿದ್ದೇನೆ. ಪಂಪಿನ ಒಳಗಿನ ಸಂದುಗಳು ಕೂದಲೆಳೆಗಿಂತ ಸಣ್ಣ, ಒಂದು ಉಕ್ಕಿನ ಚೂರು ಸಾಕು. ನಾನು ಪೈಪಿನ ತೂತಿಗಿಂತ ಸ್ವಲ್ಪ ದಪ್ಪ ಇರುವ ಫೋಮಿನ ಗುಂಡು ಹಾಕಿ ಗಾಳಿಯಿಂದ ಹೊಡೆಯುತ್ತೇನೆ. ಒಂದು ಕಡೆ ಹಾಕಿದ ಬಿಳಿ ಗುಂಡು ಇನ್ನೊಂದು ಕಡೆ ಇದ್ದಿಲಿನ ಬಣ್ಣದಲ್ಲಿ ಹಾರಿ ಬೀಳುತ್ತದೆ. ಬೆಳ್ಳಗೆ ಬರುವ ತನಕ ಹೊಡೆಯಬೇಕು. ಸುತ್ತ ನಿಂತ ಹುಡುಗರಿಗೆ ಅದೇ ತಮಾಷೆ, ಗುಂಡು ಹಿಡಿಯಲು ಓಡುತ್ತಾರೆ.

ಕ್ರಿಂಪ್ ಮಾಡುವಾಗ ನಿಪ್ಪಲ್ ಎಲ್ಲಿ ತನಕ ಕೂರಬೇಕು ಅಂತ ಪೈಪಿನ ಮೇಲೆ ಗುರುತು ಹಾಕಿಕೊಳ್ಳುತ್ತೇನೆ. ಒತ್ತಿದ ಮೇಲೆ ವರ್ನಿಯರಿನಲ್ಲಿ ಕ್ಯಾಪಿನ ಸುತ್ತ ಎರಡು ಮೂರು ಕಡೆ ಅಳೆಯುತ್ತೇನೆ. ಕಮ್ಮಿ ಒತ್ತಿದರೆ ಪೈಪ್ ಕಳಚಿ ಹಾರುತ್ತದೆ. ಜಾಸ್ತಿ ಒತ್ತಿದರೆ ಒಳಗಿನ ನಿಪ್ಪಲ್ ಕುಗ್ಗಿ ದಾರಿ ಸಣ್ಣದಾಗುತ್ತದೆ. ಎಷ್ಟು ಒತ್ತಬೇಕು ಅನ್ನುವುದು ಪೈಪ್ ಯಾವ ಕಂಪನಿಯದು, ಕ್ಯಾಪ್ ಯಾವ ಕಂಪನಿಯದು ಅನ್ನುವುದರ ಮೇಲೆ ಬದಲಾಗುತ್ತದೆ, ಅದಕ್ಕೆ ಪಟ್ಟಿ ಇರುತ್ತದೆ. ಕಣ್ಣಂದಾಜಿನಲ್ಲಿ ಒತ್ತುವವರ ಹತ್ತಿರ ಪೈಪ್ ಮಾಡಿಸಬೇಡಿ.

ಈಗ ಗಂಭೀರವಾದ ಮಾತು. ಸೋರುವ ಪೈಪಿನ ಮೇಲೆ ಕೈ ಆಡಿಸಿ ತೂತು ಹುಡುಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಕಣ್ಣಿಗೆ ಕಾಣುವುದೇ ಇಲ್ಲ, ಅಬ್ಬಬ್ಬಾ ಅಂದರೆ ಹೊಗೆಯ ಹಾಗೆ ಕಾಣುತ್ತದೆ. ಆದರೆ ಅದು ಚರ್ಮ ಸೀಳಿ ಒಳಗೆ ಹೋಗುತ್ತದೆ. ಕೈಗವಸು ತಡೆಯುವುದಿಲ್ಲ. ಮೊದಲಿಗೆ ಮುಳ್ಳು ಚುಚ್ಚಿದಷ್ಟು ಗುರುತು, ನೋವೂ ಜಾಸ್ತಿ ಇರುವುದಿಲ್ಲ. ಜಾಲಿ ಮುಳ್ಳು ಅಂತ ತಿಳಿದು ಕೆಲಸ ಮುಂದುವರಿಸುವವರಿದ್ದಾರೆ, ಅದೇ ಅಪಾಯ. ಕೆಲವು ಗಂಟೆಗಳಲ್ಲಿ ಕೈ ಊದುತ್ತದೆ, ಒಳಗೆ ಮಾಂಸ ಸಾಯಲು ಶುರುವಾಗುತ್ತದೆ, ತಡವಾದರೆ ಬೆರಳೋ ಕೈಯೋ ತೆಗೆಯಬೇಕಾಗುತ್ತದೆ. ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. "ಮುಳ್ಳು ಚುಚ್ಚಿದೆ" ಅನ್ನಬಾರದು, "ಪ್ರೆಶರಿನ ಎಣ್ಣೆ ಚರ್ಮದ ಒಳಗೆ ಹೋಗಿದೆ" ಅಂತ ಬಾಯಿಬಿಟ್ಟು ಹೇಳಬೇಕು, ಯಾಕೆಂದರೆ ಇದಕ್ಕೆ ಬೇಗ ಆಪರೇಷನ್ ಮಾಡಿ ಎಣ್ಣೆ ತೆಗೆಯಬೇಕು. ತೂತು ಹುಡುಕಲೇಬೇಕಾದರೆ ಒಂದು ರಟ್ಟಿನ ತುಂಡನ್ನು ಉದ್ದನೆಯ ಕಟ್ಟಿಗೆಗೆ ಕಟ್ಟಿ, ದೂರ ನಿಂತು ಆಡಿಸಿ ನೋಡಿ.

ಪೈಪ್ ಬಿಚ್ಚುವ ಮುಂಚೆ ಬೂಮ್, ಬಕೆಟ್ ನೆಲಕ್ಕೆ ಇಳಿಸಿ, ಇಂಜಿನ್ ಬಂದ್ ಮಾಡಿ, ಲಿವರುಗಳನ್ನು ನಾಲ್ಕೂ ಕಡೆ ಆಡಿಸಿ ಒಳಗೆ ಉಳಿದ ಪ್ರೆಶರ್ ಬಿಡಬೇಕು. ಬೂಮ್ ಮೇಲೇ ನಿಂತಿದ್ದರೆ ಅದನ್ನು ಹಿಡಿದು ನಿಲ್ಲಿಸಿರುವುದು ಜಾಕಿನ ಒಳಗಿನ ಎಣ್ಣೆ ಮಾತ್ರ. ನೀವು ನಟ್ ಸಡಿಲ ಮಾಡಿದ ಕ್ಷಣ ಆ ಎಣ್ಣೆ ಹೊರಗೆ, ಬೂಮ್ ಕೆಳಗೆ.

ಕಬ್ಬಿನ ಹಾರ್ವೆಸ್ಟರಿನ ವಿಷಯಕ್ಕೆ ಬಂದರೆ ಅದರಲ್ಲಿ ಪೈಪುಗಳ ಜಾತ್ರೆಯೇ ಇದೆ. ಬುಡ ಕಡಿಯುವ ಚಕ್ರ, ತುಂಡು ಮಾಡುವ ರೋಲರ್, ರವದಿ ಊದುವ ಫ್ಯಾನ್, ಎಲಿವೇಟರ್, ಎಲ್ಲಾ ಹೈಡ್ರಾಲಿಕ್ ಮೋಟರಿನಿಂದಲೇ ತಿರುಗುವುದು. ಅಲ್ಲಿ ಪೈಪ್ ಒಡೆದರೆ ಬರೀ ಕೆಲಸ ನಿಲ್ಲುವುದಲ್ಲ. ಬಿಸಿ ಸೈಲೆನ್ಸರಿನ ಮೇಲೆ ಎಣ್ಣೆ ಸಿಡಿದರೆ, ಸುತ್ತಲೂ ಒಣಗಿದ ರವದಿ, ಹೊತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಇಂಜಿನ್ ಪಕ್ಕದ ಪೈಪುಗಳಿಗೆ ಬೆಂಕಿ ತಡೆಯುವ ತೋಳು ಹಾಕಿ, ದಿನಾ ಸಂಜೆ ರವದಿ ಊದಿ ತೆಗೆದರೆ ಸುಮಾರು ಅನಾಹುತ ತಪ್ಪುತ್ತದೆ. ಹಾರ್ವೆಸ್ಟರಿನವರ ಇನ್ನೊಂದು ಅಭ್ಯಾಸ ನನಗೆ ಇಷ್ಟ. ಸೀಜನ್ ಶುರುವಾಗುವ ಮುಂಚೆಯೇ ಅವರು ಪದೇಪದೇ ಹೋಗುವ ನಾಲ್ಕೈದು ಪೈಪುಗಳನ್ನು ಎರಡೆರಡು ಮಾಡಿಸಿಕೊಂಡು, ತುದಿಗೆ ಮುಚ್ಚಳ ಹಾಕಿ, ಹೆಸರು ಬರೆದು ಇಟ್ಟುಕೊಳ್ಳುತ್ತಾರೆ. ಜೆಸಿಬಿಯವರಿಗೆ ಹೇಳಿದರೆ "ಈಗ್ಯಾಕ ರೊಕ್ಕ ಹಾಕೋದು, ಒಡದಾಗ ನೋಡೋಣ" ಅನ್ನುತ್ತಾರೆ. ಒಡೆಯುವುದು ರಾತ್ರಿ, ಊರಿಂದ ದೂರದಲ್ಲಿ, ಮಳೆ ಬಿದ್ದು ನನ್ನ ಗಾಡಿ ಎರೆ ಮಣ್ಣಿನಲ್ಲಿ ಹೂತುಕೊಳ್ಳುವ ದಿನ.

ಹಳೇ ಪೈಪಿನ ಒಡೆದ ಜಾಗ ಕತ್ತರಿಸಿ ನಡುವೆ ಜಾಯಿಂಟ್ ಹಾಕಿ ಕೊಡಿ ಅಂತ ಕೇಳುತ್ತಾರೆ, ದುಡ್ಡು ಉಳಿಯುತ್ತದೆ ಅಂತ. ಹೊಸ ಪೈಪಿಗೆ ಏನೋ ಬಡಿದು ಒಂದೇ ಕಡೆ ಗಾಯವಾಗಿದ್ದರೆ, ಅದೂ ಟ್ಯಾಂಕಿಗೆ ವಾಪಸ್ ಹೋಗುವ ಕಮ್ಮಿ ಪ್ರೆಶರಿನ ಲೈನ್ ಆಗಿದ್ದರೆ, ಆಗಲಿ ಅನ್ನುತ್ತೇನೆ. ಬಿಸಿಗೆ ಹೋದದ್ದಕ್ಕೆ, ತುಕ್ಕು ಹಿಡಿದದ್ದಕ್ಕೆ ಇಲ್ಲ. ಒಂದು ಕಡೆ ಒಡೆದದ್ದು ನಾಳೆ ಅರ್ಧ ಅಡಿ ಆಚೆ ಒಡೆಯುತ್ತದೆ, ಜೊತೆಗೆ ಜಾಯಿಂಟಿನ ಭಾರ ಬೇರೆ. ಈ ಮಾತಿಗೆ ಸಿಟ್ಟು ಮಾಡಿಕೊಂಡು ಬೇರೆಯವರ ಹತ್ತಿರ ಹೋದವರಿದ್ದಾರೆ. ಹೋಗಲಿ.

ಫೋನ್ ಮಾಡುವ ಮುಂಚೆ ಇಷ್ಟು ಕಳಿಸಿದರೆ ನನಗೂ ಸಲೀಸು, ನಿಮಗೂ ಒಂದು ಓಡಾಟ ಉಳಿಯುತ್ತದೆ. ಗಾಡಿ ಯಾವುದು, ಯಾವ ಜಾಕಿನ ಪೈಪ್ ಅನ್ನುವುದು. ಪೈಪಿನ ಮೇಲಿನ ಬರಹದ ಫೋಟೋ, ಒರೆಸಿ ತೆಗೆದದ್ದು. ಎರಡೂ ತುದಿಯ ನಿಪ್ಪಲಿನ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದು. ಬಿಚ್ಚಿದ ತುದಿಗಳಿಗೆ ಸ್ವಚ್ಛ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಡಿ, ಚಿಂದಿ ಬಟ್ಟೆ ತುರುಕಬೇಡಿ, ಅದರ ದಾರ ಒಳಗೇ ಉಳಿಯುತ್ತದೆ. ಲೊಕೇಶನ್ ಕಳಿಸುವಾಗ ಗಾಡಿ ನಿಂತ ಜಾಗದಿಂದಲೇ ಕಳಿಸಿ. ಹೊಲದಲ್ಲಿ ನೆಟ್‌ವರ್ಕ್ ಇಲ್ಲ ಅಂತ ಊರೊಳಗಿನ ಚಹಾ ಹೋಟೆಲ್ಲಿಗೆ ಬಂದು ಅಲ್ಲಿಂದ ಕಳಿಸುತ್ತಾರೆ, ನಾನು ಸೀದಾ ಆ ಹೋಟೆಲ್ಲಿಗೆ ಹೋಗಿ ನಿಲ್ಲುತ್ತೇನೆ. ಹಾಗೆ ಕಳಿಸಿದ್ದರೆ ಅಲ್ಲಿ ಒಬ್ಬರು ಬೈಕ್ ಹಿಡಿದು ಕಾಯುತ್ತಿರಲಿ, ದಾರಿ ತೋರಿಸಲಿಕ್ಕೆ. ಮತ್ತೆ ಟ್ಯಾಂಕಿಗೆ ಹಾಕಲು ಎಣ್ಣೆ ನೀವೇ ತಂದಿಟ್ಟಿರಿ, ಗಾಡಿಯಲ್ಲಿ ಈಗ 46 ಇದೆಯೋ 68 ಇದೆಯೋ (ಎಣ್ಣೆ ಎಷ್ಟು ಮಂದ ಅಂತ ಹೇಳುವ ನಂಬರ್) ನೋಡಿಕೊಂಡು ಅದೇ ನಂಬರಿನದು. ನನ್ನ ಗಾಡಿಯಲ್ಲಿ ಡ್ರಮ್ ಇಡಲು ಜಾಗ ಇಲ್ಲ.